ಹೊಸ ಶಾಕ್ ಅಬ್ಸಾರ್ಬರ್ ಹಾಕಿದ ಮೇಲೆ ಬಂದ ಸದ್ದು: ಮೂಲ ಹುಡುಕಿದ ಬಗೆ

ಅಡಿಕೆ ಕೊಯ್ಲಿನ ಗಡಿಬಿಡಿ ಮುಗಿದು ಯುಗಾದಿ ಕಳೆದ ಮೇಲೆ, ಮಳೆ ಹಿಡಿಯುವುದರೊಳಗೆ ಮುಗಿಸಿಬಿಡಬೇಕೆಂದು ನಮ್ಮ ಕಾರಿನ ಮುಂದಿನ ಎರಡೂ ಶಾಕ್ ಅಬ್ಸಾರ್ಬರ್‌ಗಳನ್ನು ಮನೆಯಲ್ಲಿಯೇ ಬದಲಾಯಿಸಿದೆ. ಒಂದು ಲಕ್ಷ ಕಿಲೋಮೀಟರ್ ದಾಟಿದ ಸಣ್ಣ ಪೆಟ್ರೋಲ್ ಕಾರು ಅದು. ಎಡಗಡೆಯ ಶಾಕ್‌ನಿಂದ ಎಣ್ಣೆ ಒಸರಿ, ಆ ಎಣ್ಣೆಗೆ ಕೆಮ್ಮಣ್ಣಿನ ಧೂಳು ಹತ್ತಿ ದಪ್ಪ ಪದರವಾಗಿತ್ತು. ಹಂಪ್ ದಾಟಿದ ಮೇಲೂ ಗಾಡಿಯ ಮುಂಭಾಗ ಕೆಲ ಹೊತ್ತು ಕುಣಿಯುತ್ತಿತ್ತು. ಶಾಕ್‌ಗಳ ಜೊತೆಗೆ ಮೇಲಿನ ಮೌಂಟಿಂಗ್, ಅದರ ಬೇರಿಂಗ್, ಬಂಪ್ ಸ್ಟಾಪ್ ಮತ್ತು ಧೂಳು ತಡೆಯುವ ರಬ್ಬರ್ ಕವರ್‌ಗಳನ್ನೂ ಹೊಸದಾಗಿ ಹಾಕಿದೆ. ಸ್ಪ್ರಿಂಗ್‌ಗಳು ಹಳೆಯವೇ. ಕುಣಿತ ನಿಂತಿತು, ತಿರುವಿನಲ್ಲಿ ಗಾಡಿ ವಾಲುವುದೂ ಕಡಿಮೆಯಾಯಿತು. ಆದರೆ ಮೊದಲ ಓಡಾಟದಲ್ಲೇ, ತೋಟದ ದಣಪೆ ದಾಟಿ ಜಂಬಿಟ್ಟಿಗೆ ಕಲ್ಲು ಹಾಸಿದ ದಾರಿಗೆ ಇಳಿದ ಕೂಡಲೇ, ಮುಂದಿನಿಂದ ‘ಟಕ್’ ಎಂಬ ಗಟ್ಟಿ ಸದ್ದು ಬಂತು. ಕೆಲಸಕ್ಕೆ ಮುಂಚೆ ಅಂಥದೊಂದು ಸದ್ದು ಈ ಗಾಡಿಯಲ್ಲಿ ಇರಲಿಲ್ಲ.

ಸದ್ದನ್ನು ಹುಡುಕುವ ಮೊದಲು ಅದು ಎಂಥದು ಎಂಬುದನ್ನು ಸರಿಯಾಗಿ ಬರೆದಿಟ್ಟುಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಇದು ಲೋಹಕ್ಕೆ ಲೋಹ ಬಡಿದ ಸದ್ದು. ರಬ್ಬರ್ ಉಜ್ಜಿದ ‘ಕಿರ್’ ಅಲ್ಲ, ಬೇರಿಂಗ್ ಸವೆದಾಗಿನ ‘ಗುಂಯ್’ ಎಂಬ ನಿರಂತರ ನಾದವೂ ಅಲ್ಲ. ಗಾಡಿ ನಿಧಾನವಾಗಿದ್ದಾಗ, ಒಂದನೇ ಅಥವಾ ಎರಡನೇ ಗೇರಿನಲ್ಲಿ ಸಣ್ಣ ಕಲ್ಲು, ಸಣ್ಣ ಗುಂಡಿ ಹತ್ತಿಳಿದಾಗ ಮಾತ್ರ ಕೇಳಿಸುತ್ತಿತ್ತು. ಆಗುಂಬೆಯ ಹೆದ್ದಾರಿಯಲ್ಲಿ ವೇಗವಾಗಿ ಹೋಗುವಾಗ ಇಲ್ಲವೇ ಇಲ್ಲ. ಎಕ್ಸಲರೇಟರ್ ಒತ್ತಿದರೂ ಬಿಟ್ಟರೂ, ಕ್ಲಚ್ ತುಳಿದು ಗಾಡಿಯನ್ನು ತಾನಾಗಿ ಉರುಳಲು ಬಿಟ್ಟರೂ ಅದರಲ್ಲಿ ವ್ಯತ್ಯಾಸವಿರಲಿಲ್ಲವಾದ್ದರಿಂದ, ಎಂಜಿನ್ ಮೌಂಟಿಂಗ್ ಮತ್ತು ಎಂಜಿನ್ನಿನ ಬಲವನ್ನು ಚಕ್ರಕ್ಕೆ ಮುಟ್ಟಿಸುವ ಆಕ್ಸಲ್ ಜಾಯಿಂಟ್‌ಗಳ ಮೇಲಿನ ಅನುಮಾನವನ್ನು ಮೊದಲ ದಿನವೇ ಬದಿಗಿಡಬಹುದಾಗಿತ್ತು. ಸ್ಟಿಯರಿಂಗನ್ನು ಕೊನೆಯವರೆಗೆ ತಿರುಗಿಸಿ ಅಂಗಳದಲ್ಲಿ ಸುತ್ತು ಹಾಕಿದಾಗಲೂ, ಆಕ್ಸಲ್ ಜಾಯಿಂಟ್ ಸವೆದಿದ್ದರೆ ಬರುವ ‘ಕಟಕಟ’ ಎಂಬ ಸಾಲು ಸದ್ದು ಬರಲಿಲ್ಲ.

ತೀರ್ಥಹಳ್ಳಿಯ ಪರಿಚಯದ ಗ್ಯಾರೇಜ್ ಮೇಸ್ತ್ರಿಯೊಬ್ಬರಿಗೆ ಸದ್ದನ್ನು ಕೇಳಿಸಿದೆ. ಅವರು ಪಕ್ಕದಲ್ಲಿ ಕುಳಿತು ಸ್ವಲ್ಪ ದೂರ ಬಂದು, "ಮೌಂಟಿಂಗೇ ಸರಿ ಇಲ್ಲ ಮಾರಾಯ್ರೆ, ಈಗ ಬರೋ ಡೂಪ್ಲಿಕೇಟ್ ರಬ್ಬರ್ ಎಲ್ಲ ಹೀಗೇ, ಬಿಚ್ಚಿ ಬೇರೆ ಹಾಕಿ" ಎಂದರು. ಹೊಸದಾಗಿ ಹಾಕಿದ್ದರ ಮೇಲೆ ಮೊದಲ ಅನುಮಾನ ಬರುವುದು ಸಹಜ, ಅವರ ಅನುಭವಕ್ಕೆ ಬೆಲೆಯೂ ಇದೆ. ಆದರೂ ಸಸ್ಪೆನ್ಷನ್ ಸದ್ದಿಗೆ ಭಾಗಗಳನ್ನು ಒಂದೊಂದಾಗಿ ಬದಲಾಯಿಸುತ್ತಾ ಹೋಗುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಅದರಲ್ಲಿ ದುಡ್ಡು ಹೋಗುವುದು ಒಂದು ಕಡೆಯಾದರೆ, ಪ್ರತಿಸಲ ಬಿಚ್ಚಿ ಕಟ್ಟುವಾಗಲೂ ಹೊಸದೊಂದು ಸಡಿಲು ಹುಟ್ಟುವ ಸಾಧ್ಯತೆ ಇರುತ್ತದೆ; ಕೊನೆಗೆ ಸದ್ದು ಹೋದರೂ ಯಾವುದರಿಂದ ಹೋಯಿತು ಎಂದು ತಿಳಿಯುವುದಿಲ್ಲ. ಸಸ್ಪೆನ್ಷನ್ನಿನ ಪ್ರತಿಯೊಂದು ಭಾಗಕ್ಕೂ ಬೇರೆ ಬೇರೆ ಸಂದರ್ಭದಲ್ಲಿ ಭಾರ ಬೀಳುತ್ತದೆ. ಆ ಭಾರಗಳನ್ನು ಒಂದೊಂದಾಗಿ ಬೇರ್ಪಡಿಸಿ ಪರೀಕ್ಷಿಸಿದರೆ ಸದ್ದು ತಾನಿರುವ ಜಾಗವನ್ನು ತೋರಿಸಲೇಬೇಕು ಎಂಬ ನಂಬಿಕೆಯಿಂದ ನಾನು ಈ ಕೆಲಸಕ್ಕೆ ಕೈ ಹಾಕಿದೆ.

ನಮ್ಮಲ್ಲಿ ಓಡುವ ಸಣ್ಣ ಕಾರುಗಳ ಮುಂಭಾಗದಲ್ಲಿ ಹೆಚ್ಚಾಗಿ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್ ಎಂಬ ವ್ಯವಸ್ಥೆ. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ 1940ರ ದಶಕದಲ್ಲಿ ರೂಪಿಸಿದ, 1950ರ ಸುಮಾರಿಗೆ ಫೋರ್ಡ್ ಕಾರುಗಳಲ್ಲಿ ಬಂದ ಈ ವಿನ್ಯಾಸದಲ್ಲಿ ಶಾಕ್ ಅಬ್ಸಾರ್ಬರ್ ಕೇವಲ ಕುಣಿತ ತಡೆಯುವ ಭಾಗವಲ್ಲ. ಚಕ್ರವನ್ನು ನೆಟ್ಟಗೆ ಹಿಡಿದು ನಿಲ್ಲಿಸುವ ಕಂಬವೂ ಅದೇ. ಕೆಳಗೆ ಎರಡು ದಪ್ಪ ಬೋಲ್ಟ್‌ಗಳಲ್ಲಿ ಅದು ಚಕ್ರವನ್ನು ಹೊತ್ತಿರುವ ನಕಲ್ ಎಂಬ ಲೋಹದ ತುಂಡಿಗೆ ಕೂಡಿಕೊಂಡರೆ, ಮೇಲೆ ರಬ್ಬರ್ ಮೌಂಟಿಂಗ್ ಮೂಲಕ ಗಾಡಿಯ ಬಾಡಿಗೆ ಸೇರುತ್ತದೆ. ಸ್ಟಿಯರಿಂಗ್ ತಿರುಗಿಸಿದಾಗ ಇಡೀ ಕಂಬ ಸ್ಪ್ರಿಂಗ್ ಸಮೇತ ತಿರುಗುವುದರಿಂದ ಮೇಲೊಂದು ಬೇರಿಂಗ್ ಬೇಕಾಗುತ್ತದೆ. ಹೀಗಾಗಿ ಶಾಕ್ ಬದಲಾಯಿಸುವುದೆಂದರೆ ಅದೊಂದನ್ನೇ ಮುಟ್ಟಿದಂತಾಗುವುದಿಲ್ಲ. ನಾನು ಚಕ್ರದ ನಟ್‌ಗಳು, ಬ್ರೇಕ್ ಹೋಸ್‌ನ ಕ್ಲಿಪ್, ನಕಲ್‌ನ ಎರಡು ಬೋಲ್ಟ್‌ಗಳು, ಮೇಲಿನ ಮೌಂಟಿಂಗ್ ನಟ್‌ಗಳು, ಶಾಕ್‌ನ ರಾಡ್ ತುದಿಯ ನಟ್, ಮತ್ತು ಶಾಕ್‌ನ ಮೈಗೆ ಬೆಸೆದ ಪಟ್ಟಿಗೆ ಕೂಡಿಸಿದ್ದ ಸ್ಟೆಬಿಲೈಜರ್ ಲಿಂಕ್ (ಎಡಬಲಕ್ಕೆ ಹಾಯ್ದ ಅಡ್ಡ ಸರಳಿನ ತುದಿಯ ಕೊಂಡಿ), ಇಷ್ಟನ್ನು ಬಿಚ್ಚಿ ಕಟ್ಟಿದ್ದೆ. ಚಕ್ರವನ್ನು ಕೆಳಗಿನಿಂದ ಗಾಡಿಗೆ ಹಿಡಿದಿಡುವ ಲೋವರ್ ಆರ್ಮ್, ಅದನ್ನು ನಕಲ್‌ಗೆ ಕೂಡಿಸುವ ಬಾಲ್ ಜಾಯಿಂಟ್, ಸ್ಟಿಯರಿಂಗಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಟೈ ರಾಡ್, ಇವುಗಳಿಗೆ ಕೈ ಹಾಕಿರಲಿಲ್ಲ. ಸದ್ದಿನ ಮೂಲ ಮುಟ್ಟಿದ ಭಾಗದಲ್ಲಿಯೇ ಇರಬೇಕೆಂದೇನೂ ಇಲ್ಲ. ಹಳೆಯ ಮೆತ್ತಗಿನ ಶಾಕ್ ಮರೆಮಾಚಿದ್ದ ಲೋವರ್ ಆರ್ಮ್‌ನ ರಬ್ಬರ್ ಬುಷ್‌ನ ಸವೆತವನ್ನು ಬಿಗಿಯಾದ ಹೊಸ ಶಾಕ್ ಹೊರಗೆಡಹುವುದೂ ಉಂಟು.

ಸದ್ದು ಹುಡುಕುವ ಕುತೂಹಲಕ್ಕಿಂತ ಮೊದಲು ಪ್ರಾಣಕ್ಕೆ ಸಂಬಂಧಿಸಿದ್ದನ್ನು ನೋಡಿಕೊಳ್ಳಬೇಕು. ನಕಲ್‌ನ ಬೋಲ್ಟ್ ಸಡಿಲಾದರೆ ಚಕ್ರ ವಾಲುತ್ತದೆ. ಬಾಲ್ ಜಾಯಿಂಟ್ ಕಳಚಿದರೆ ಚಕ್ರ ಮಡಚಿಕೊಂಡು ಗಾಡಿ ನೆಲಕ್ಕೆ ಕೂರುತ್ತದೆ. ಟೈ ರಾಡ್ ಬಿಟ್ಟರೆ ಸ್ಟಿಯರಿಂಗ್ ಕೈಯಲ್ಲಿದ್ದೂ ಇಲ್ಲದಂತೆ. ಹದಿನಾಲ್ಕು ಹೇರ್‌ಪಿನ್ ತಿರುವುಗಳ ಆಗುಂಬೆ ಘಾಟಿಯಲ್ಲಿ ಓಡಾಡುವ ಗಾಡಿಯಲ್ಲಿ ಇವುಗಳನ್ನು ಅನುಮಾನದಲ್ಲಿ ಇಟ್ಟುಕೊಂಡು ತಿರುಗುವುದು ಸರಿಯಲ್ಲ. ಆದ್ದರಿಂದ ಈ ಪರೀಕ್ಷೆ ಮುಗಿಯುವವರೆಗೆ ಕಾರು ಮನೆಯ ದಾರಿ ಬಿಟ್ಟು ಹೊರಗೆ ಹೋಗಲಿಲ್ಲ.

ಅಡಿಕೆ ಒಣಗಿಸುವ ಅಂಗಳದ ಸಿಮೆಂಟ್ ನೆಲ ಸಮತಟ್ಟಾಗಿರುವುದರಿಂದ ಗಾಡಿಯನ್ನು ಅಲ್ಲಿಯೇ ಎತ್ತಿದೆ. ಹಿಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಟ್ಟು, ಜಾಕ್‌ನಿಂದ ಎತ್ತಿದ ಮೇಲೆ ಭಾರವನ್ನು ಸ್ಟ್ಯಾಂಡ್‌ಗಳ ಮೇಲೆ ಇಳಿಸಿದೆ. ಬರೀ ಜಾಕ್ ನಂಬಿ ಗಾಡಿಯ ಅಡಿಗೆ ತಲೆ ಹಾಕುವುದನ್ನು ಯಾರೂ ಮಾಡಬಾರದು. ಚಕ್ರವನ್ನು ಮೇಲೆ ಕೆಳಗೆ ಎರಡು ಕೈಯಲ್ಲಿ ಹಿಡಿದು ಒಳಗೂ ಹೊರಗೂ ಅಲುಗಾಡಿಸಿದಾಗ ಸಡಿಲು ಕಂಡರೆ ಬಾಲ್ ಜಾಯಿಂಟ್ ಅಥವಾ ಚಕ್ರದ ಬೇರಿಂಗ್. ಎಡಬಲ ಹಿಡಿದು ಅಲುಗಾಡಿಸಿದಾಗ ಸಡಿಲಿದ್ದರೆ ಟೈ ರಾಡ್‌ನ ಹೊರತುದಿಯ ಟೈ ರಾಡ್ ಎಂಡ್ ಅಥವಾ ಒಳತುದಿಯ ರ್‍ಯಾಕ್ ಎಂಡ್. ಎರಡೂ ಬಗೆಯಲ್ಲಿ ಎರಡೂ ಚಕ್ರಗಳು ಬಿಗಿಯಾಗಿದ್ದವು. ಸಣ್ಣ ಹಾರೆಯೊಂದನ್ನು ಲೋವರ್ ಆರ್ಮ್ ಮತ್ತು ನಕಲ್ ನಡುವೆ ಕೊಟ್ಟು ಮೀಟಿದಾಗಲೂ ಬಾಲ್ ಜಾಯಿಂಟ್ ಕದಲಲಿಲ್ಲ. ಎಡಗಡೆಯ ಲೋವರ್ ಆರ್ಮ್‌ನ ಹಿಂದಿನ ಬುಷ್‌ನಲ್ಲಿ ಕೂದಲೆಳೆಯಂಥ ಬಿರುಕುಗಳು ಕಂಡವು. ಆದರೆ ಹಾರೆಯಲ್ಲಿ ಮೀಟಿದಾಗ ರಬ್ಬರ್ ಒಂದಿಷ್ಟು ಬಗ್ಗಿ ಹಿಂದಕ್ಕೆ ಬಂತೇ ಹೊರತು ಲೋಹಕ್ಕೆ ಲೋಹ ತಾಗಲಿಲ್ಲ. ಬಿಚ್ಚಿ ಕಟ್ಟಿದ್ದ ಬೋಲ್ಟ್‌ಗಳಿಗೆಲ್ಲ ಟಾರ್ಕ್ ವ್ರೆಂಚ್ (ನಿಗದಿತ ತಿರುಗುಬಲ ತಲುಪಿದಾಗ ಕ್ಲಿಕ್ ಎನ್ನುವ ಪಾನ) ಹಚ್ಚಿ ನೋಡಿದೆ. ಪ್ರತಿಯೊಂದರಲ್ಲೂ ನಿಗದಿತ ಅಳತೆಗೆ ‘ಕ್ಲಿಕ್’ ಬಂತು.

ಮೇಸ್ತ್ರಿಯವರ ಮಾತಿನಂತೆ ಮೌಂಟಿಂಗನ್ನು ಪರೀಕ್ಷಿಸುವುದು ಮುಂದಿನ ಕೆಲಸವಾಗಿತ್ತು. ಗಾಡಿಯನ್ನು ನೆಲಕ್ಕಿಳಿಸಿ, ತಮ್ಮನ ಮಗನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ನಾನು ಚಕ್ರದ ಮೇಲಿನ ಸಂದಿಯಲ್ಲಿ ಕೈ ತೂರಿಸಿ ಸ್ಪ್ರಿಂಗ್ ಸುರುಳಿಯ ಹೊರಮೈಗೆ ಬೆರಳ ತುದಿ ತಾಗಿಸಿ ಹಿಡಿದೆ. ಬೆರಳನ್ನು ಸುರುಳಿಗಳ ನಡುವೆ ಇಡಬಾರದು. "ದೊಡ್ಡಪ್ಪ, ತಿರುಗಿಸ್ಲಾ?" ಎಂದು ಕೇಳಿಕೊಂಡೇ ಅವನು ನಿಧಾನವಾಗಿ ಸ್ಟಿಯರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿದ. ಬೇರಿಂಗ್ ಕಚ್ಚಿಕೊಂಡಿದ್ದರೆ ಸ್ಪ್ರಿಂಗ್ ತಿರುಗದೆ ಹುರಿಗೊಂಡು, ಒಮ್ಮೆಗೇ ‘ಟೊಂಯ್’ ಎಂದು ಬಿಡಿಸಿಕೊಳ್ಳುತ್ತದೆ. ಅದು ಬೆರಳಿಗೆ ಸ್ಪಷ್ಟವಾಗಿ ಗೊತ್ತಾಗುತ್ತದೆ. ಇಲ್ಲಿ ಎರಡೂ ಕಡೆ ಸ್ಪ್ರಿಂಗ್ ಅಡೆತಡೆಯಿಲ್ಲದೆ ಸಮನಾಗಿ ತಿರುಗಿತು. ಸ್ಪ್ರಿಂಗ್‌ನ ಕೆಳತುದಿ ಬಟ್ಟಲಿನ ಮೆಟ್ಟಿಲಿಗೆ ಒರಗಿ ಸರಿಯಾಗಿ ಕುಳಿತಿತ್ತು. ಆಮೇಲೆ ಬಾನೆಟ್ ಎತ್ತಿ, ಅವನು ಗಾಡಿಯ ಮುಂಭಾಗವನ್ನು ಒತ್ತಿ ಬಿಡುತ್ತಿರುವಾಗ ಶಾಕ್ ರಾಡ್ ತುದಿಯ ನಟ್ ಮೇಲೆ ಬೆರಳಿಟ್ಟು ನೋಡಿದೆ. ಆ ನಟ್ ಸಡಿಲಿದ್ದರೂ, ಮೌಂಟಿಂಗ್‌ನ ರಬ್ಬರ್ ಬಿಟ್ಟಿದ್ದರೂ, ರಾಡ್ ಮೌಂಟಿಂಗ್‌ನೊಳಗೆ ಮೇಲೆ ಕೆಳಗೆ ಜಿಗಿಯುವ ಪೆಟ್ಟು ಬೆರಳಿಗೆ ತಟ್ಟುತ್ತದೆ. ಅಂಥದ್ದೇನೂ ತಟ್ಟಲಿಲ್ಲ. ಹೊಸ ಮೌಂಟಿಂಗ್ ನಿರಪರಾಧಿ ಎಂದು ಇಲ್ಲಿಗೆ ನನಗೆ ಬಹುಮಟ್ಟಿಗೆ ಮನವರಿಕೆಯಾಯಿತು.

ಇನ್ನು ಉಳಿದದ್ದು ರಸ್ತೆಯ ಮೇಲಿನ ಪರೀಕ್ಷೆ. ಇದರಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಶಾಲೆಯ ಮುಂದಿನ ಹಂಪ್. ಅದನ್ನು ನೇರವಾಗಿ, ಎರಡೂ ಮುಂದಿನ ಚಕ್ರಗಳು ಒಟ್ಟಿಗೇ ಹತ್ತಿಳಿಯುವಂತೆ ದಾಟಿದರೆ ಸದ್ದೇ ಇಲ್ಲ. ಅದೇ ಹಂಪಿನ ಅಂಚಿಗೆ ಸರಿದು ಎಡಚಕ್ರ ಮಾತ್ರ ಹತ್ತಿ, ಬಲಚಕ್ರ ಸಮ ರಸ್ತೆಯಲ್ಲಿ ಹೋಗುವಂತೆ ದಾಟಿದರೆ, ಹತ್ತುವಾಗ ಒಂದು ‘ಟಕ್’, ಇಳಿಯುವಾಗ ಇನ್ನೊಂದು. ಎಷ್ಟು ಸಲ ಮಾಡಿದರೂ ಇದೇ ಫಲಿತಾಂಶ. ಶಾಕ್, ಸ್ಪ್ರಿಂಗ್, ಮೌಂಟಿಂಗ್, ಬಾಲ್ ಜಾಯಿಂಟ್ ಇವೆಲ್ಲ ಚಕ್ರ ಮೇಲೆ ಹೋದರೆ ಸಾಕು ಕೆಲಸ ಮಾಡುತ್ತವೆ. ಇನ್ನೊಂದು ಚಕ್ರ ಎಲ್ಲಿದೆ ಎಂಬುದು ಅವುಗಳಿಗೆ ಮುಖ್ಯವಲ್ಲ. ಎರಡು ಚಕ್ರಗಳ ಎತ್ತರದಲ್ಲಿ ವ್ಯತ್ಯಾಸವಾದಾಗ ಮಾತ್ರ ತಿರುಚಿಕೊಂಡು ಕೆಲಸ ಮಾಡುವ ಭಾಗ ಒಂದೇ: ಎಡದಿಂದ ಬಲಕ್ಕೆ ಅಡ್ಡಲಾಗಿ ಹಾಯ್ದಿರುವ ಸ್ಟೆಬಿಲೈಜರ್ ಬಾರ್. ತಿರುವಿನಲ್ಲಿ ಗಾಡಿ ಒಂದು ಕಡೆಗೆ ವಾಲದಂತೆ ತಡೆಯುವ ಉಕ್ಕಿನ ಸರಳು ಅದು. ಎರಡೂ ಚಕ್ರ ಒಟ್ಟಿಗೆ ಏರಿದರೆ ಅದು ತನ್ನ ಬುಷ್‌ಗಳಲ್ಲಿ ಸುಮ್ಮನೆ ಹೊರಳುತ್ತದೆ. ಒಂದೇ ಚಕ್ರ ಏರಿದಾಗ ಅದರ ಎರಡು ತುದಿಯ ಲಿಂಕ್‌ಗಳ ಮೇಲೆ ಪೂರ್ತಿ ಬಲ ಬೀಳುತ್ತದೆ.

ಅಷ್ಟಕ್ಕೇ ತೀರ್ಮಾನಕ್ಕೆ ಬರಲು ಒಂದು ಸಂಗತಿ ಅಡ್ಡಬಂತು. ಕಲ್ಲು ದಾರಿಯಲ್ಲಿ ಬ್ರೇಕ್ ಪೆಡಲ್ ಮೇಲೆ ಹಗುರವಾಗಿ ಕಾಲಿಟ್ಟುಕೊಂಡು ಹೋದರೆ ಸದ್ದು ಕಡಿಮೆಯಾದಂತೆ ಕೇಳಿಸುತ್ತಿತ್ತು. ಪೆಡಲ್ ಒತ್ತಿದಾಗ ಪ್ಯಾಡ್‌ಗಳು ಡಿಸ್ಕ್‌ಗೆ ಅಪ್ಪಿಕೊಂಡು ಅಲುಗಾಡುವುದನ್ನು ನಿಲ್ಲಿಸುವುದರಿಂದ, ಹೀಗೆ ಸದ್ದು ನಿಂತರೆ ಮೂಲ ಬ್ರೇಕ್ ಪ್ಯಾಡ್ ಅಥವಾ ಅದನ್ನು ಒತ್ತುವ ಕ್ಯಾಲಿಪರ್ ಎಂದು ಅರ್ಥ. ಆದರೆ ಇಲ್ಲಿ ಸದ್ದು ಪೂರ್ತಿ ನಿಲ್ಲುತ್ತಿರಲಿಲ್ಲ. ಕಿಟಕಿ ಇಳಿಸಿ, ಫ್ಯಾನ್ ಆರಿಸಿ, ತೋಟದ ಕಾಂಪೌಂಡ್ ಗೋಡೆಯ ಪಕ್ಕದಲ್ಲೇ ಗಾಡಿ ಓಡಿಸಿ ಗೋಡೆಗೆ ಬಡಿದು ಹಿಂದಿರುಗುವ ದನಿಯನ್ನು ಕೇಳಿದಾಗ, ಇರುವುದು ಎರಡು ಸದ್ದು ಎಂಬುದು ಗೊತ್ತಾಯಿತು: ತೆಳ್ಳನೆಯ ‘ಚಿಟಚಿಟ’ ಒಂದು, ಅದರ ಮಧ್ಯೆ ಗಟ್ಟಿ ‘ಟಕ್’ ಇನ್ನೊಂದು. ಪೆಡಲ್ ಮುಟ್ಟಿದರೆ ಚಿಟಚಿಟ ನಿಲ್ಲುತ್ತಿತ್ತು, ಟಕ್ ನಿಲ್ಲುತ್ತಿರಲಿಲ್ಲ. ಎರಡನ್ನೂ ಒಂದೇ ಎಂದು ತಿಳಿದು ಕಾರಣ ಹುಡುಕುತ್ತಾ ಹೋಗಿದ್ದರೆ ಯಾವ ಪರೀಕ್ಷೆಯೂ ನೇರ ಉತ್ತರ ಕೊಡುತ್ತಿರಲಿಲ್ಲ. ಚಿಟಚಿಟವನ್ನು ಆಮೇಲೆ ನೋಡಿಕೊಳ್ಳಬಹುದೆಂದು ಬಿಟ್ಟು ಟಕ್‌ನ ಹಿಂದೆಯೇ ಹೋದೆ.

ಆ ಸದ್ದು ಎಡದಿಂದ ಬರುತ್ತದೆಯೋ ಬಲದಿಂದಲೋ ಎಂಬುದನ್ನು ಕಿವಿಯಿಂದ ಹೇಳುವುದು ಕಷ್ಟ. ಗಾಡಿಯ ತಗಡು ಸದ್ದನ್ನು ಎಲ್ಲೆಲ್ಲಿಗೋ ಒಯ್ಯುತ್ತದೆ. ನನಗೆ ಅದು ಬಲಗಾಲಿನ ಬುಡದಲ್ಲಿ, ಪೆಡಲ್‌ಗಳ ಹಿಂದಿನಿಂದ ಬಂದಂತೆ ಅನಿಸುತ್ತಿತ್ತು. ಎರಡು ಮೊಬೈಲ್‌ಗಳನ್ನು ಬಟ್ಟೆಯಲ್ಲಿ ಸುತ್ತಿ, ಬಾನೆಟ್‌ನೊಳಗೆ ಎರಡೂ ಶಾಕ್‌ಗಳ ಮೇಲ್ತುದಿಯ ಪಕ್ಕದಲ್ಲಿ, ಫ್ಯಾನ್ ಮತ್ತು ಬೆಲ್ಟ್‌ಗಳಿಂದ ದೂರವಿರುವಂತೆ ಭದ್ರವಾಗಿ ಕಟ್ಟಿ ರೆಕಾರ್ಡ್ ಮಾಡಿದೆ. ಮನೆಗೆ ಬಂದು ಎರಡನ್ನೂ ಕೇಳಿದಾಗ ಎಡಗಡೆಯದರಲ್ಲಿ ಪೆಟ್ಟು ಹರಿತವಾಗಿ, ಬಲಗಡೆಯದರಲ್ಲಿ ಮಂದವಾಗಿ ದಾಖಲಾಗಿತ್ತು.

ಈಗ ಅನುಮಾನ ಎಡಗಡೆಯ ಸ್ಟೆಬಿಲೈಜರ್ ಲಿಂಕ್ ಮೇಲೆ ಬಂದು ನಿಂತಿತು. ಆದರೆ ಆ ಲಿಂಕ್‌ನ ನಟ್‌ಗೆ ನಿಗದಿತ ಟಾರ್ಕ್ ಕೊಟ್ಟಾಗಿತ್ತು, ಎರಡನೆಯ ಸಲ ಪರೀಕ್ಷಿಸಿದಾಗಲೂ ವ್ರೆಂಚ್ ಕ್ಲಿಕ್ ಎಂದಿತ್ತು. ಬಿಗಿ ಮಾಡಿದ ನಟ್‌ಗಳೆಲ್ಲದರ ಮೇಲೆ ನಾನು ಬಿಳಿ ಬಣ್ಣದ ಗೆರೆ ಎಳೆದಿಡುತ್ತೇನೆ. ಇಲ್ಲಿಯೂ ನಟ್ ಮೇಲಿನ ಗೆರೆ ಮತ್ತು ಬೋಲ್ಟ್ ಮೇಲಿನ ಗೆರೆ ಒಂದೇ ಸಾಲಿನಲ್ಲಿದ್ದವು. ಲಿಂಕನ್ನು ಕೈಯಲ್ಲಿ ಹಿಡಿದು ಜಗ್ಗಿದರೆ ಅದರ ತುದಿಯ ಕೀಲುಗಳ ಗುಂಡುಗಳಲ್ಲಿ ಸಡಿಲಿರಲಿಲ್ಲ. ಇಷ್ಟಾದರೂ ಹಂಪ್ ಹೇಳುತ್ತಿದ್ದದ್ದು ಬೇರೆ ಮಾತು. ಹಾಗಾಗಿ ಲಿಂಕ್ ಕಳಚಿ ಗಾಡಿ ಓಡಿಸಿ ನೋಡುವ ಪರೀಕ್ಷೆಯನ್ನೇ ಮಾಡಬೇಕಾಯಿತು.

ಈ ಪರೀಕ್ಷೆ ಎಲ್ಲ ಕಾರುಗಳಿಗೂ ಹೊಂದುವುದಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಮಾರುತಿ 800 ಮತ್ತು ಹಳೆಯ ಆಲ್ಟೊದಂಥ ಕಾರುಗಳಲ್ಲಿ ಸ್ಟೆಬಿಲೈಜರ್ ಬಾರ್‌ನ ತುದಿಗಳು ನೇರವಾಗಿ ಲೋವರ್ ಆರ್ಮ್‌ಗೆ ಸೇರಿಕೊಂಡು, ಚಕ್ರ ಹಿಂದೆ ಮುಂದೆ ಸರಿಯದಂತೆ ಹಿಡಿಯುವ ಕೆಲಸವನ್ನೂ ಮಾಡುತ್ತವೆ. ಅವುಗಳಲ್ಲಿ ಬಾರ್ ಕಳಚಿ ಗಾಡಿಯನ್ನು ಒಂದು ಅಡಿಯೂ ಓಡಿಸಬಾರದು. ನಮ್ಮ ಗಾಡಿಯಲ್ಲಿ ಲೋವರ್ ಆರ್ಮ್ ಎರಡು ಬುಷ್‌ಗಳಲ್ಲಿ ತಾನೇ ನಿಲ್ಲುವಂಥದು, ಬಾರ್ ಬೇರೆ ಲಿಂಕ್‌ಗಳ ಮೂಲಕ ಶಾಕ್‌ಗೆ ಸೇರುವಂಥದು. ಲಿಂಕ್ ಕಳಚಿದರೆ ತಿರುವಿನಲ್ಲಿ ವಾಲುವುದು ಹೆಚ್ಚಾಗುತ್ತದೆಯೇ ವಿನಾ ಚಕ್ರದ ಹಿಡಿತಕ್ಕೆ ಧಕ್ಕೆಯಿಲ್ಲ. ಒಂದೇ ಕಡೆ ಕಳಚಿದರೆ ಬಾರ್‌ನ ತುದಿ ಎಲ್ಲಾದರೂ ತಾಗಿ ಮತ್ತೊಂದು ಸದ್ದು ಮಾಡೀತೆಂದು ಎರಡೂ ಕಡೆ ಕಳಚಿ, ಲಿಂಕ್‌ಗಳು ಟೈರಿಗಾಗಲಿ ಬ್ರೇಕ್ ಹೋಸ್‌ಗಾಗಲಿ ತಾಗದಂತೆ ತಂತಿಯಲ್ಲಿ ಬಿಗಿದು ಕಟ್ಟಿದೆ. ನಡಿಗೆಗಿಂತ ಸ್ವಲ್ಪ ಹೆಚ್ಚಿನ ವೇಗದಲ್ಲಿ ದಣಪೆಯಿಂದ ಕೆಳಗಿನ ಅಡ್ಡಮೋರಿಯವರೆಗೆ ಹೋಗಿ ಬಂದೆ. ಟಕ್ ಪೂರ್ತಿಯಾಗಿ ನಿಂತಿತ್ತು. ಬ್ರೇಕ್ ಪ್ಯಾಡ್‌ನ ಚಿಟಚಿಟ ಮಾತ್ರ ಉಳಿದಿತ್ತು.

ಕಳಚಿದ ಜಾಗವನ್ನು ಬೆಳಕು ಹಿಡಿದು ನೋಡಿದಾಗ ಉತ್ತರ ಕಣ್ಣೆದುರಿಗೇ ಇತ್ತು. ಎಡಗಡೆ, ಶಾಕ್‌ನ ಪಟ್ಟಿಯಲ್ಲಿ ಲಿಂಕ್‌ನ ಬೋಲ್ಟ್ ತೂರುವ ತೂತಿನ ಸುತ್ತ, ಹೊಸ ಶಾಕ್‌ನ ಕಪ್ಪು ಬಣ್ಣ ಉಜ್ಜಿಹೋಗಿ ಉಗುರಗಲದ ಉಂಗುರವೊಂದು ಹೊಳೆಯುತ್ತಿತ್ತು. ಆ ಉಂಗುರದ ಹೊರ ಅಂಚಿನಲ್ಲಿ ಕುಂಕುಮಕ್ಕಿಂತ ಸ್ವಲ್ಪ ಕಂದಾದ, ಬೆರಳಿಗೆ ನಯವಾಗಿ ಅಂಟುವ ಪುಡಿ ಕುಳಿತಿತ್ತು. ಬಿಗಿಯಾಗಿರಬೇಕಾದ ಎರಡು ಉಕ್ಕಿನ ಮೈಗಳು ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಉಜ್ಜಾಡಿದಾಗ ಉದುರುವ ಲೋಹದ ಕಣಗಳು ಗಾಳಿಯಲ್ಲಿ ತುಕ್ಕಾಗಿ ಹೀಗೆ ಪುಡಿಯಾಗುತ್ತವೆ. ಬಲಗಡೆಯ ಪಟ್ಟಿಯಲ್ಲಿ ಬಣ್ಣದ ಮೇಲೆ ಲಿಂಕ್ ಒತ್ತಿದ ಗುರುತು ಮಾತ್ರ ಇತ್ತು. ಹೊಳಪೂ ಇಲ್ಲ, ಪುಡಿಯೂ ಇಲ್ಲ.

ಖಚಿತಪಡಿಸಿಕೊಳ್ಳದೆ ಮುಂದೆ ಹೋಗಲು ಮನಸ್ಸು ಬರಲಿಲ್ಲ. ಅದೇ ಹಳೆಯ ಲಿಂಕನ್ನು, ಅದೇ ನಟ್‌ನಲ್ಲಿ, ಅದೇ ಟಾರ್ಕ್‌ಗೆ ಮತ್ತೆ ಕೂಡಿಸಿದೆ. ಕ್ಲಿಕ್ ಬಂತು. ಅಡ್ಡಮೋರಿಯವರೆಗೆ ಹೋಗಿ ಬರುವಷ್ಟರಲ್ಲಿ ಟಕ್ ಕೂಡ ಹಿಂದಿರುಗಿತು. ಗಾಡಿ ಎತ್ತಿ, ಎಂಜಿನ್ನಿನ ಟ್ಯಾಪೆಟ್ ಸಂದಿ ಅಳೆಯಲು ಇಟ್ಟುಕೊಂಡಿರುವ ಫೀಲರ್ ಗೇಜ್‌ನ 0.10 ಮಿಲಿಮೀಟರ್ ದಪ್ಪದ ಎಲೆಯನ್ನು ಲಿಂಕ್ ಮತ್ತು ಪಟ್ಟಿಯ ನಡುವೆ ತೂರಿಸಿದಾಗ ಎಡಗಡೆ ಅದು ಸಲೀಸಾಗಿ ಒಳಗೆ ಹೋಯಿತು. ಬಲಗಡೆ ಎಲ್ಲಿಯೂ ಹೋಗಲಿಲ್ಲ. ವ್ರೆಂಚ್ ಸಾಕೆಂದು ಹೇಳಿದ ಮೇಲೂ ಎಡಗಡೆಯ ಜೋಡಣೆ ಬಿಗಿದಿರಲಿಲ್ಲ.

ಇದಕ್ಕೆ ಕಾರಣ ಲಿಂಕ್‌ನ ಬೋಲ್ಟ್ ಮೇಲಿನ ಹಳೆಯ ಥ್ರೆಡ್ (ತಿರುಪಿನ ಸುತ್ತುಗೆರೆ). ಟಾರ್ಕ್ ವ್ರೆಂಚ್ ಅಳೆಯುವುದು ನಟ್ ತಿರುಗಿಸಲು ಬೇಕಾದ ಬಲವನ್ನೇ ಹೊರತು ಎರಡು ಭಾಗಗಳನ್ನು ಅದು ಎಷ್ಟು ಗಟ್ಟಿಯಾಗಿ ಒತ್ತಿ ಹಿಡಿದಿದೆ ಎಂಬುದನ್ನಲ್ಲ. ಥ್ರೆಡ್ ಸ್ವಚ್ಛವಾಗಿದ್ದಾಗಲೂ ನಾವು ಕೊಡುವ ತಿರುಗುಬಲದಲ್ಲಿ ಸುಮಾರು 90% ನಟ್‌ನ ಅಡಿಯ ಮತ್ತು ಥ್ರೆಡ್‌ನ ಘರ್ಷಣೆಗೇ ಹೋಗಿ, ಬಿಗಿತಕ್ಕೆ ದಕ್ಕುವುದು ಸುಮಾರು 10% ಮಾತ್ರ. ಥ್ರೆಡ್ ತುಕ್ಕು ಹಿಡಿದರೆ ಆ ಸಣ್ಣ ಪಾಲನ್ನೂ ತುಕ್ಕೇ ನುಂಗುತ್ತದೆ. ಬಾವಿಯ ಗಡಗಡೆ ತುಕ್ಕು ಹಿಡಿದಾಗ ಹಗ್ಗ ಎಳೆಯುವ ಕೈಗೆ ಭಾರ ಹೆಚ್ಚೆನಿಸಿದರೂ ಕೊಡದಲ್ಲಿ ನೀರು ಹೆಚ್ಚಿರುವುದಿಲ್ಲವಲ್ಲ, ಇದೂ ಹಾಗೆಯೇ. ಬಿಳಿ ಗೆರೆಯ ಅರ್ಥವೂ ಇಲ್ಲಿ ಸ್ಪಷ್ಟವಾಯಿತು: ಗೆರೆ ಸರಿದಿಲ್ಲವೆಂದರೆ ನಟ್ ಹಿಂದಕ್ಕೆ ತಿರುಗಿಲ್ಲ ಎಂದಷ್ಟೇ ಗೊತ್ತಾಗುತ್ತದೆ, ಮೊದಲಿಗೆ ಅದು ಪೂರ್ತಿ ಕುಳಿತಿತ್ತೇ ಎಂಬುದಕ್ಕೆ ಗೆರೆ ಸಾಕ್ಷಿಯಾಗುವುದಿಲ್ಲ.

ನಮ್ಮ ಕಡೆ ಈ ತೊಂದರೆ ಬಯಲುಸೀಮೆಗಿಂತ ಹೆಚ್ಚು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗಿಂತ ಹೆಚ್ಚು ಮಳೆ ಬೀಳುತ್ತದೆ. ಅದರ ಆಸುಪಾಸಿನ ನಮ್ಮ ಊರುಗಳಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಡಿಯ ಅಡಿಭಾಗ ಒಣಗುವುದೆಂಬುದೇ ಇಲ್ಲ. ಚಕ್ರ ಎರಚುವ ಕೆಸರು ಲಿಂಕ್‌ನ ಮೇಲೆ, ಅದರಲ್ಲೂ ನಟ್‌ನಿಂದ ಹೊರಗೆ ಚಾಚಿಕೊಂಡಿರುವ ಥ್ರೆಡ್‌ನ ಮೇಲೆ ನೇರವಾಗಿ ಬಂದು ಕೂರುತ್ತದೆ. ಹಳೆಯ ನಟ್ ಬಿಚ್ಚುವಾಗ ಅದು ಆ ತುಕ್ಕು ಹಿಡಿದ ತುದಿಯ ಮೇಲೆಯೇ ಹಾದುಬರುತ್ತದೆ. ಆ ದಾರಿಯಲ್ಲಿ ತುಕ್ಕು ಕಿತ್ತು ಥ್ರೆಡ್‌ನ ಸಂದಿಗಳಲ್ಲಿ ತುಂಬಿಕೊಳ್ಳುತ್ತದೆ. ಹಾಗಾಗಿ ಎಷ್ಟೋ ವರ್ಷ ಸದ್ದಿಲ್ಲದೆ ಕುಳಿತಿದ್ದ ಜೋಡಣೆ ಒಮ್ಮೆ ಬಿಚ್ಚಿ ಕಟ್ಟಿದ ಮೇಲೆ ಸಡಿಲಾಗುವುದು ವಿಚಿತ್ರವೇನಲ್ಲ. ಬಲಗಡೆಯ ಥ್ರೆಡ್ ಯಾಕೆ ಉಳಿದುಕೊಂಡಿತ್ತು ಎಂದರೆ, ಅದರ ಮೇಲೆ ಹಳೆಯ ಗ್ರೀಸಿನ ಗಟ್ಟಿ ಹೊರಪದರವೊಂದು ಇನ್ನೂ ಹಾಗೆಯೇ ಇತ್ತು.

ತಂತಿ ಬ್ರಷ್‌ನಲ್ಲಿ ಉಜ್ಜಿ ಹಳೆಯದನ್ನೇ ಬಳಸಬಹುದಾಗಿತ್ತು. ಆದರೆ ಉಜ್ಜಿದ ಮೇಲೆ ಥ್ರೆಡ್‌ನ ಏಣುಗಳು ಅಲ್ಲಲ್ಲಿ ತಿಂದುಹೋಗಿದ್ದುದು ಕಂಡಿತು. ಶಿವಮೊಗ್ಗಕ್ಕೆ ಬೇರೆ ಕೆಲಸವೂ ಇದ್ದುದರಿಂದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿ ಎರಡೂ ಕಡೆಗೆ ಹೊಸ ಲಿಂಕ್‌ಗಳನ್ನು, ನೈಲಾನ್ ಬಳೆಯಿರುವ ಹೊಸ ನಟ್‌ಗಳ ಸಮೇತ ಕೊಂಡುತಂದೆ. ಅಂಗಡಿಯಲ್ಲಿ "ಲಿಂಕ್ ರಾಡ್" ಎಂದು ಕೇಳಿದರೆ ಬೇಗ ಸಿಗುತ್ತದೆ. ಹಳೆಯದರ ಪಕ್ಕದಲ್ಲಿ ಇಟ್ಟು ಉದ್ದ ಮತ್ತು ಗುಂಡುಗಳ ದಿಕ್ಕು ಒಂದೇ ಇದೆಯೇ ಎಂದು ನೋಡಿಯೇ ದುಡ್ಡು ಕೊಡಬೇಕು.

ಕೂಡಿಸುವಾಗ ಪಟ್ಟಿಯ ಮೇಲಿನ ಪುಡಿಯನ್ನು ಒರೆಸಿ, ಹೊಳೆಯುತ್ತಿದ್ದ ಉಂಗುರದ ಹೊರಗೆ ಬರಿಮೈಯಾದಲ್ಲಿ ತೆಳುವಾಗಿ ಬಣ್ಣ ಹಚ್ಚಿ ಒಣಗಲು ಬಿಟ್ಟೆ; ಲಿಂಕ್ ಕೂರುವ ಮುಖಕ್ಕೆ ಬಣ್ಣ ತಾಗಿಸಲಿಲ್ಲ, ದಪ್ಪ ಬಣ್ಣದ ಪದರ ಮುಂದೆ ಕುಸಿದು ಬಿಗಿತ ಕಡಿಮೆಯಾಗಬಹುದು. ಎರಡೂ ಚಕ್ರಗಳು ಒಂದೇ ಎತ್ತರದಲ್ಲಿರುವಂತೆ ಗಾಡಿಯನ್ನು ಇಟ್ಟುಕೊಂಡರೆ ಬಾರ್ ತಿರುಚಿಕೊಂಡಿರುವುದಿಲ್ಲ, ಬೋಲ್ಟ್ ತೂತಿಗೆ ತಾನಾಗಿ ಬಂದು ಕೂರುತ್ತದೆ. ನಟ್ ತಿರುಗಿಸುವಾಗ ಗುಂಡು ಕೂಡ ಜೊತೆಗೆ ಸುತ್ತದಂತೆ ಬೋಲ್ಟ್‌ನ ತುದಿಯನ್ನು ಅಲನ್ ಕೀಯಲ್ಲಿ ಹಿಡಿದುಕೊಂಡೆ. ಥ್ರೆಡ್‌ಗೆ ಎಣ್ಣೆಯಾಗಲಿ ಗ್ರೀಸಾಗಲಿ ಹಚ್ಚಲಿಲ್ಲ. ಒಣ ಥ್ರೆಡ್‌ಗೆಂದು ಕೊಟ್ಟ ಟಾರ್ಕನ್ನು ಗ್ರೀಸ್ ಹಚ್ಚಿದ ಥ್ರೆಡ್‌ಗೆ ಕೊಟ್ಟರೆ ಬಿಗಿತ ಮಿತಿಮೀರಿ ಬೋಲ್ಟ್ ಎಳೆದುಕೊಂಡು ಹಾಳಾಗಬಹುದು. ತುಕ್ಕಿನ ಸಮಸ್ಯೆಗೆ ಬಿಗಿಯುವ ಮೊದಲೇ ಗ್ರೀಸ್ ಹಚ್ಚುವುದು ಸರಿಯಾದ ಪರಿಹಾರವಲ್ಲ. ಬಿಗಿ ಮಾಡಿ ಮುಗಿದ ಮೇಲೆ ಹೊರಗೆ ಉಳಿದ ಥ್ರೆಡ್‌ನ ಮೇಲೆ ಮಾತ್ರ ದಪ್ಪಗೆ ಗ್ರೀಸ್ ಮೆತ್ತಿದೆ. ನಟ್ ಪಟ್ಟಿಗೆ ತಾಗುವವರೆಗೆ ಎಷ್ಟು ಬಲ ಬೇಕಾಯಿತು ಎಂಬುದನ್ನು ಕೈಯಲ್ಲಿ ಗಮನಿಸಿದೆ: ನೈಲಾನ್ ಬಳೆಯ ಹಗುರ ಪ್ರತಿರೋಧ ಮೊದಲಿನಿಂದ ಕೊನೆಯವರೆಗೂ ಒಂದೇ ಸಮನಿದ್ದು, ತಾಗಿದ ಕೂಡಲೇ ಬಲ ಒಮ್ಮೆಲೇ ಏರಿತು. ಹಳೆಯ ನಟ್‌ನಲ್ಲಿ ಇಂಥ ಏರಿಕೆಯೇ ಇರಲಿಲ್ಲ. ಉದ್ದಕ್ಕೂ ಬಿಗಿಯಾಗಿಯೇ ತಿರುಗಿ, ಹಾಗೆಯೇ ಕ್ಲಿಕ್‌ಗೆ ಬಂದಿತ್ತು. ಫೀಲರ್ ಗೇಜ್‌ನ 0.05 ಮಿಲಿಮೀಟರ್ ಎಲೆಯೂ ಈಗ ಎಲ್ಲಿಯೂ ಹೋಗಲಿಲ್ಲ.

ಕಲ್ಲು ದಾರಿ, ಅಡ್ಡಮೋರಿ, ಶಾಲೆಯ ಹಂಪಿನ ಅಂಚು, ಮೂರರಲ್ಲೂ ಟಕ್ ಇಲ್ಲ. ಆಮೇಲೆಯೇ ಗಾಡಿಯನ್ನು ದೂರದ ರಸ್ತೆಗೆ ಇಳಿಸಿದ್ದು. ಶಾಕ್ ಬಿಚ್ಚಿದಾಗ ನಕಲ್‌ನ ಬೋಲ್ಟ್‌ಗಳ ತೂತಿನಲ್ಲಿರುವ ಸಣ್ಣ ಜಾಗದಿಂದಾಗಿ ಚಕ್ರದ ಓರೆ ಬದಲಾಗುತ್ತದೆ, ಅದರೊಂದಿಗೆ ಚಕ್ರಗಳ ದಿಕ್ಕೂ ಬದಲಾಗುತ್ತದೆ. ಆದ್ದರಿಂದ ಮಂಡಗದ್ದೆ, ಗಾಜನೂರು ಮೇಲಿಂದ ಶಿವಮೊಗ್ಗಕ್ಕೆ ಹೋಗಿ ಅಲೈನ್‌ಮೆಂಟ್ ಮಾಡಿಸಿಕೊಂಡು ಬಂದೆ. ಇದನ್ನು ಬಿಟ್ಟರೆ ಸದ್ದಿಲ್ಲದ ಗಾಡಿಯೂ ಟೈರಿನ ಅಂಚನ್ನು ತಿಂದುಹಾಕುತ್ತದೆ.

ಚಿಟಚಿಟದ ಮೂಲ ಬಲಗಡೆಯ ಬ್ರೇಕ್ ಪ್ಯಾಡ್‌ನ ತಗಡಿನ ಕ್ಲಿಪ್. ಪ್ಯಾಡನ್ನು ಒತ್ತಿ ಹಿಡಿಯುವ ಅದರ ನಾಲಗೆ ಸಪಾಟಾಗಿತ್ತು; ಹೊಸ ಕ್ಲಿಪ್ ಜೋಡಿ ಹಾಕಿ, ಕ್ಯಾಲಿಪರ್ ಜಾರುವ ಪಿನ್‌ಗಳಿಗೆ ಅದಕ್ಕೆಂದೇ ಇರುವ ಗ್ರೀಸ್ ಹಚ್ಚಿದ ಮೇಲೆ ಅದೂ ನಿಂತಿತು. ಮೇಸ್ತ್ರಿಯವರಿಗೆ ಹಳೆಯ ಲಿಂಕನ್ನೂ ನಟ್‌ನ್ನೂ ತೋರಿಸಿದೆ. ಅವರು ನಟ್‌ನ್ನು ಬೆರಳಲ್ಲಿ ತಿರುಗಿಸಲು ನೋಡಿ, ಅದು ಅರ್ಧ ಸುತ್ತಿಗೇ ಕಚ್ಚಿಕೊಂಡಾಗ, "ನಾವೂ ಇದನ್ನ ನಟ್ ಬಿಗಿಯೋ ಗನ್ನಲ್ಲಿ ಹೊಡೆದು ಕಳಿಸ್ತೀವಿ, ಗೊತ್ತೇ ಆಗೋದಿಲ್ಲ" ಎಂದರು. ಎಡಗಡೆಯ ಲೋವರ್ ಆರ್ಮ್‌ನ ಬಿರುಕು ಬಿಟ್ಟ ಬುಷ್ ಈ ಮಳೆಗಾಲವನ್ನು ತಡೆದೀತು ಎಂದು ಅವರೂ ನೋಡಿ ಹೇಳಿದ್ದಾರೆ. ಅದನ್ನು ಪ್ರೆಸ್‌ನಲ್ಲಿ ಒತ್ತಿ ತೆಗೆಯಬೇಕಾಗುವುದರಿಂದ ದೀಪಾವಳಿಯ ಹೊತ್ತಿಗೆ ಅವರ ಗ್ಯಾರೇಜಿನಲ್ಲೇ ಮಾಡಿಸುವುದೆಂದು ಮಾತಾಗಿದೆ. ಆ ಬುಷ್‌ನ ಬೋಲ್ಟನ್ನು ಗಾಡಿ ನಾಲ್ಕೂ ಚಕ್ರದ ಮೇಲೆ ನಿಂತ ಮೇಲೆಯೇ ಕೊನೆಯ ಬಿಗಿ ಮಾಡಬೇಕು, ನೇತಾಡುವ ಸ್ಥಿತಿಯಲ್ಲಿ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ ಎಂದು ನಾನು ಹೇಳಿದ್ದಕ್ಕೆ ಅವರು ಒಪ್ಪಿದ್ದಾರೆ.